ಪುಟ್ಟಸಿದ್ದಯ್ಯ ಹಬ್ಬು ಬಿಚ್ಚಿ ಗಂಡು ನೋಡಿದ್ದು

ಕಣ್ಣಿಗೊಬ್ಬ ಡಾಕ್ಟರು, ಹಲ್ಲಿಗೊಬ್ಬ ಡಾಕ್ಟರು, ಮೂಳೆಗೊಬ್ಬ ಡಾಕ್ಟರು ಇರುವಾಗ ಲಾರಿಯ ಮುಂದಿನ ಚಕ್ರಕ್ಕೆಂದೇ ಒಬ್ಬ ಮೇಸ್ತ್ರಿ ಇದ್ದರೆ ಯಾರಪ್ಪನ ಗಂಟು ಹೋಗುತ್ತದೆ ಎಂಬುದು ಕಾಮಗೆರೆಯ ಪುಟ್ಟಸಿದ್ದಯ್ಯನ ವಾದ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಹುಣಸೆಮರದ ನೆರಳಿನಲ್ಲಿ ಅವನ ತಗಡಿನ ಶೆಡ್ಡು. ಶೆಡ್ಡಿನ ಬೆನ್ನಿಗೇ ಮನೆ. ಇಂಜಿನ್ ಕೆಮ್ಮುತ್ತದೆ ಎಂದೋ, ಗೇರು ಬೀಳುವುದಿಲ್ಲ ಎಂದೋ ಯಾರಾದರೂ ಬಂದರೆ ಅವನು ಎದ್ದು ನಿಂತು ಕೈ ಮುಗಿಯುತ್ತಿದ್ದ.

"ಅದು ಬ್ಯಾರೆ ದ್ಯಾವ್ರು ಕಣಪ್ಪ. ಅದ್ಕ ಬ್ಯಾರೆ ಪೂಜಾರಿ ಅವ್ನೆ, ಓಗು."

ಆದರೆ ಮುಂದಿನ ಚಕ್ರ ಎಂದು ಒಂದು ಮಾತು ಅಂದು ನೋಡಬೇಕು. ಕೂತಿದ್ದವನು ರಾಜ್ಯಾಭಿಷೇಕಕ್ಕೆ ಹೊರಟವನಂತೆ ಏಳುತ್ತಿದ್ದ. ಜಾಕಿ ಅವನ ರಾಜದಂಡ. ಹೆಗಲ ಮೇಲಿನ ಎಣ್ಣೆ ಕುಡಿದ ಬಟ್ಟೆ ಅವನ ಪೀತಾಂಬರ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನದನ್ನು ನೆಲದಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ ನೋಡಿ, ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದ. ಲಾರಿಯ ಧಣಿಗಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಹಾಗೆ ನೋಡಿದರೆ ಅವನು ಆಳುತ್ತಿದ್ದ ರಾಜ್ಯ ಬಲು ಸಣ್ಣದು. ಚಕ್ರದ ನಡುಮಧ್ಯೆ ಹಬ್ಬು ಎಂಬ ಕಬ್ಬಿಣದ ಡಬರಿ. ಅದರೊಳಗೆ ಅಣ್ಣತಮ್ಮಂದಿರಂತೆ ಎರಡು ಬೇರಿಂಗು, ದೊಡ್ಡದು ಒಳಗೆ, ಚಿಕ್ಕದು ಹೊರಗೆ. ಅವೆರಡನ್ನೂ ಅದುಮಿ ಹಿಡಿಯಲು ಒಂದು ನಟ್ಟು. ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ, ಗಾಡಿಚಕ್ರಕ್ಕೆ ಕಡಾಣಿ ಇದ್ದ ಹಾಗೆ, ಅದಕ್ಕೊಂದು ಪಿನ್ನು. ಎಲ್ಲದರ ಮೈಗೂ ಗ್ರೀಸು. ಇಷ್ಟೇ. ಆದರೆ ಮೇಲಿರುವ ಅಷ್ಟೂ ಜೋಳದ ಮೂಟೆ, ಡ್ರೈವರು, ಗಾಜಿಗೆ ಅಂಟಿಸಿದ ಬೆಟ್ಟದ ಮಾದಪ್ಪನ ಪಟ, ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ, ಎಲ್ಲವೂ ಈ ಇಷ್ಟರ ಮೇಲೇ ನಿಂತಿರುವುದು. ನಟ್ಟು ತುಸು ಬಿಗಿಯಾದರೆ ಬೇರಿಂಗು ಕಾದು ಸುಟ್ಟುಹೋಗುತ್ತದೆ. ತುಸು ಸಡಿಲವಾದರೆ ಚಕ್ರ ಕುಡಿದವನಂತೆ ವಾಲಾಡುತ್ತದೆ. ಬಿಗಿದು, ಚಕ್ರ ತಿರುಗಿಸಿ, ಅದು ಮುನಿಸಿಕೊಂಡಿತೆಂದು ಗೊತ್ತಾದ ಗಳಿಗೆಯಲ್ಲಿ ಕೂದಲೆಳೆಯಷ್ಟು ಹಿಂದಕ್ಕೆ ಬಿಡಬೇಕು. ಆ ಕೂದಲೆಳೆಯೇ ಪುಟ್ಟಸಿದ್ದಯ್ಯನ ವಿದ್ಯೆ, ಆಸ್ತಿ ಮತ್ತು ಅಹಂಕಾರ.

ನಿಜ ಹೇಳಬೇಕೆಂದರೆ ಅವನಿಗೆ ಬಿಗಿಯುವುದಕ್ಕಿಂತ ಬಿಚ್ಚುವುದರಲ್ಲೇ ಹೆಚ್ಚು ಸುಖ. ಇನ್ನೊಬ್ಬರ ಹಬ್ಬಿನೊಳಗೆ ಏನಿದೆ ಎಂದು ನೋಡದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹಳೆಯ ಗ್ರೀಸನ್ನು ಎರಡು ಬೆರಳ ನಡುವೆ ತಿಕ್ಕಿ, ಬಿಸಿಲಿಗೆ ಹಿಡಿದು, ಮೂಸಿ, ಅವನು ಭವಿಷ್ಯ ಹೇಳಿದಂತೆ ಭೂತಕಾಲ ಹೇಳುತ್ತಿದ್ದ. ಒಮ್ಮೆ ಯಳಂದೂರಿನ ಇಟ್ಟಿಗೆ ಲಾರಿಯೊಂದರ ಗ್ರೀಸು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. "ಏನ್ಲಾ, ಸುವರ್ಣಾವತಿ ವಳೇಲಿ ಲಾರಿಗೆ ಎಣ್ಣೆನೀರು ಮಾಡ್ಸುದ್ಯಾ?" ಎಂದ. ಹೊಳೆಗಿಳಿಸಿ ಲಾರಿ ತೊಳೆದಿದ್ದನ್ನು ಧಣಿಗೆ ಮುಚ್ಚಿಟ್ಟಿದ್ದ ಡ್ರೈವರು ಅಲ್ಲೇ ಕಾಲು ಹಿಡಿದ. ಆ ದಿನದಿಂದ ಪುಟ್ಟಸಿದ್ದಯ್ಯನ ಕೀರ್ತಿ ಮೂರು ತಾಲ್ಲೂಕಿಗೂ ಹಬ್ಬಿತು. ಇನ್ನೊಬ್ಬ ಡ್ರೈವರನ ಸುಟ್ಟ ಗ್ರೀಸು ನೋಡಿ, "ನೀನು ಎಡ್ತಿ ಜೊತೆ ಜಗಳ ಆಡ್ಕೊಂಡು ಗಾಡಿ ಓಡುಸ್ತೀಯ" ಎಂದಿದ್ದ. ಅದೂ ನಿಜವೇ ಆಯಿತು. ಜಗಳವಾಡದ ಡ್ರೈವರು ಈ ದಾರಿಯಲ್ಲಿ ಇದ್ದಾನೆಯೇ ಎಂದು ಯಾರೂ ಕೇಳಲಿಲ್ಲ.

ಈಗಿನ ಹೊಸ ಲಾರಿಗಳಲ್ಲಿ ಬಿಚ್ಚಲು ಬಾರದ, ಬಾಯಿ ಮುಚ್ಚಿದ ಹಬ್ಬುಗಳು ಬರುತ್ತಿವೆ. ಅವುಗಳನ್ನು ಕಂಡರೆ ಅವನಿಗೆ ಆಗದು. ಮುಚ್ಚುವಂಥದ್ದೇನು ಮಾಡಿವೆ ಅವು ಎಂದು ಅನುಮಾನ ಪಡುತ್ತಿದ್ದ.

ಇಂಥ ಮಹಾನುಭಾವನಿಗೆ ಕುಸುಮ ಎಂಬ ಒಬ್ಬಳೇ ಮಗಳು. ಕೊಳ್ಳೇಗಾಲದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳನ್ನು ನೋಡಲು ಬಂದ ಮೊದಲ ಗಂಡು ಗೂಡ್ಸ್ ಆಟೋ ಇಟ್ಟಿದ್ದ. ಪುಟ್ಟಸಿದ್ದಯ್ಯ ಮಾತಾಡುತ್ತಾ ಮಾತಾಡುತ್ತಾ ಅದರ ಚಕ್ರ ಬಿಚ್ಚಿದ. ಒಳಗೆ ಮರಳು ಸಿಕ್ಕಿತು. "ಮಳ್ಳು ತುಂಬ್ಕೊಂಡಿರೋನಿಗೆ ಮಗಳ್ನ ಕೊಟ್ಟೇನಾ?" ಎಂದು ಸಂಬಂಧ ಮುರಿದ. ಎರಡನೆಯವನು ಬಸ್ಸಿನ ಡ್ರೈವರು, ಸಂಬಳದ ಕೆಲಸ. ಆದರೆ ಬಸ್ಸು ಅವನದಲ್ಲ, ಅದರ ಗ್ರೀಸೂ ಅವನದಲ್ಲ. ಪರೀಕ್ಷೆ ಮಾಡುವುದಾದರೂ ಯಾವುದನ್ನು? ಅದೂ ಹೋಯಿತು.

ಮೂರನೆಯದಾಗಿ ಕೌದಳ್ಳಿಯ ಮಾದಸ್ವಾಮಿಯ ಕಡೆಯಿಂದ ಸುದ್ದಿ ಬಂತು. ಸ್ವಂತದ ಲಾರಿ. ಹನೂರಿನ ಸುತ್ತಿನ ಜೋಳ, ಟೊಮೆಟೊ ಹೊತ್ತು ಮೈಸೂರಿಗೆ ಹೋಗಿಬರುವ ಹುಡುಗ. ತಂದೆ ಇಲ್ಲದ ಅವನಿಗೆ ಸೋದರಮಾವ ದೊಡ್ಡಮಾದಪ್ಪನೇ ಹಿರಿಯ. ಊರಿನ ನ್ಯಾಯ ಪಂಚಾಯಿತಿಗೆ ಕೂರುವ, ರೀತಿ ರಿವಾಜು ಎಂದರೆ ಪ್ರಾಣ ಬಿಡುವ ಆಸಾಮಿ.

ಈ ಸಲ ಕುಸುಮ ಅಡುಗೆಮನೆಯಲ್ಲಿ ಅವ್ವನ ಹತ್ತಿರ ಖಡಾಖಂಡಿತವಾಗಿ ಹೇಳಿದಳು. "ಅವ್ವಾ, ಇದನ್ನೂ ಅಪ್ಪ ಬ್ಯಾಡ ಅಂದ್ರೆ ಇನ್ ಯಾರ್ ಮುಂದ್ಕೂ ನಾನು ಕಾಪಿ ತಟ್ಟೆ ಹಿಡ್ಕೊಂಡು ಬರಕಿಲ್ಲ. ಈಗ್ಲೇ ಯೋಳ್ಬುಟ್ಟಿವ್ನಿ."

ಅವಳ ಅವ್ವ ಸೋಮಮ್ಮ ನೇರವಾಗಿ ಶೆಡ್ಡಿಗೆ ಬಂದಳು. ಪುಟ್ಟಸಿದ್ದಯ್ಯ ಜಾಕಿಗೆ ಎಣ್ಣೆ ಬಿಡುತ್ತಿದ್ದ.

"ಅಲ್ಲ ಕುಸುಮನಪ್ಪ, ನಾಳೆ ಗಂಡು ನೋಡಕೆ ಜಾಕಿ ಯಾಕ?"

"ಲಾರೀಲೇ ಬನ್ನಿ ಅಂತ ಯೋಳ್ಕಳ್ಸಿವ್ನಿ ಕಣೇ. ನಿಮ್ಮಪ್ಪ ನಮ್ಮನೆ ನೋಡಕೆ ಬಂದಾಗ ಮೊದ್ಲು ಏನ್ ನೋಡುದ್ರು, ಯೋಳು? ಇತ್ತಲಿಗೋಗಿ ತಿಪ್ಪೆ ನೋಡುದ್ರು. ತಿಪ್ಪೆ ದೊಡ್ಡದಿದ್ರೆ ದನ ಅದೆ, ದನ ಇದ್ರೆ ಗೇಯ್ಮೆ ಅದೆ. ಲಾರಿ ಇಟ್ಟೋನ್ಗೆ ತಿಪ್ಪೆ ಎಲ್ಲದೆ? ಹಬ್ಬೇ ತಿಪ್ಪೆ."

"ತಿಪ್ಪೆ ನೋಡಿ ಒಪ್ಕೊಂಡಿದ್ದೇ ನಮ್ಮಪ್ಪ ಮಾಡುದ್ ತಪ್ಪು," ಎಂದಳು ಸೋಮಮ್ಮ. "ನಿನ್ನ ತಲೆ ಬಿಚ್ಚಿ ನೋಡ್ಬೇಕಾಗಿತ್ತು. ಒಂದ್ ತೊಟ್ಟು ಗ್ರೀಸೂ ಸಿಕ್ತಿರ್ನಿಲ್ಲ."

ಮರುದಿನ ಬೆಳಿಗ್ಗೆ ತೊಳೆದು ಹೂ ಮುಡಿಸಿದ ಲಾರಿ ಹುಣಸೆಮರದ ಕೆಳಗೆ ಬಂದು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಷರ್ಟು ತೊಟ್ಟ ದೊಡ್ಡಮಾದಪ್ಪ ಕ್ಯಾಬಿನ್ನಿನಿಂದ ಪಲ್ಲಕ್ಕಿಯಿಂದಿಳಿದಂತೆ ಇಳಿದ. ಹಿಂದೆ ಮಾದಸ್ವಾಮಿ, ಕೈಯಲ್ಲಿ ಹಣ್ಣಿನ ಚೀಲ. ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ಕುಸುಮ ಬಂದು ಕಾಫಿ ಕೊಟ್ಟು ಬಾಗಿಲ ಮರೆಗೆ ಸರಿದಳು. ದೊಡ್ಡಮಾದಪ್ಪ ಮೀಸೆ ಒರೆಸಿಕೊಂಡು, ಎಲೆಯಡಿಕೆಯ ತಟ್ಟೆಯ ಕಡೆ ನೋಡಿ, ಮಾತು ತೆಗೆಯಲು ಗಂಟಲು ಸರಿಮಾಡಿಕೊಂಡ. ನೋಡಿದರೆ ಹೆಣ್ಣಿನ ತಂದೆ ಎದುರಿಗಿಲ್ಲ. ಹೊರಗೆ ಜಾಕಿಯ ಕಿರ್ರು ಕಿರ್ರು ಸದ್ದು.

"ಏನ್ರೀ ಇದು?" ದೊಡ್ಡಮಾದಪ್ಪ ಹೊರಗೆ ಓಡಿಬಂದ. "ನಾವು ಎಣ್ ನೋಡಕೆ ಬಂದ್ವಿ ಕಣ್ರಿ, ಲಾರಿ ಸರ್ವೀಸ್ ಮಾಡ್ಸಕಲ್ಲ!"

"ನೀವು ಎಣ್ ನೋಡುದ್ರಿ. ನಾನು ಗಂಡು ನೋಡ್ತಾವ್ನಿ. ಕೂತ್ಕಳಿ, ಬೀಗ್ರೇ."

"ಗಂಡು ಇಲ್ಲಿ ನಿಂತವ್ನೆ!"

"ಇದು ಮೇಲಿನ ಗಂಡು. ಒಳಗಿನ ಗಂಡು ಇಲ್ಲಿ ಅವ್ನೆ," ಎಂದು ಪುಟ್ಟಸಿದ್ದಯ್ಯ ಎಡಗಡೆಯ ಹಬ್ಬನ್ನು ಗೌರವದಿಂದ ತಟ್ಟಿದ. ದೊಡ್ಡಮಾದಪ್ಪ ಕೂರಲಿಲ್ಲ. ಪಂಚೆಯ ಅಂಚು ಎತ್ತಿ ಹಿಡಿದು, ಮಣ್ಣು ತಾಗದಷ್ಟು ದೂರದಲ್ಲಿ ನಿಂತ. ಬಂದ ದಾರಿಗೆ ಹೋಗಿಬಿಡಬಹುದಿತ್ತು. ಆದರೆ ಹೋಗುವುದಕ್ಕೆ ಬೇಕಾದ ಲಾರಿಯೇ ಒಂದು ಕಾಲು ಎತ್ತಿಕೊಂಡು ನಿಂತಿತ್ತು.

ಪುಟ್ಟಸಿದ್ದಯ್ಯ ಚಕ್ರ ಅಲ್ಲಾಡಿಸಿದ. ಅವನ ಹುಬ್ಬು ಮೇಲೇರಿತು. ಕೂದಲೆಳೆ ಸರಿಯಾಗಿತ್ತು. ತಿರುಗಿಸಿದ. ಚಕ್ರ ಹಾಲು ಕುಡಿದ ಮಗುವಿನಂತೆ ಸದ್ದಿಲ್ಲದೆ ತಿರುಗಿ ತಾನಾಗಿ ನಿಂತಿತು. ಇನ್ನು ತಡೆಯಲಾಗಲಿಲ್ಲ. ಮುಚ್ಚಳ ತಟ್ಟಿ ತೆಗೆದು ನೋಡದೆಯೇ ಪಕ್ಕಕ್ಕಿಟ್ಟ. ಪಿನ್ನು ನೆಟ್ಟಗೆ ಮಾಡಿ ಎಳೆದ. ನಟ್ಟು ಬಿಚ್ಚಿ, ಹೊರಗಿನ ಬೇರಿಂಗನ್ನು ಅಂಗೈಗೆ ಇಳಿಸಿಕೊಂಡ.

ಹೊಸ ಗ್ರೀಸು! ಜೇನಿನ ಬಣ್ಣ. ಒಂದು ಚೂರು ಕಪ್ಪಿಲ್ಲ, ಒಂದು ಕಣ ಧೂಳಿಲ್ಲ. ಪುಟ್ಟಸಿದ್ದಯ್ಯನ ಮುಖ ಬಿಗಿಯಿತು. ತಿಪ್ಪೆ ನೋಡಲು ಬರುತ್ತಾರೆಂದು ತಿಪ್ಪೆಯನ್ನೇ ಗುಡಿಸಿ ರಂಗೋಲಿ ಬಿಟ್ಟಿದ್ದಾನೆ ಕಳ್ಳ.

"ಯಾರಪ್ಪ ಗ್ರೀಸ್ ಮಾಡುದ್ದು?"

"ಕೊಳ್ಳೇಗಾಲದಲ್ಲಿ ಮಾಡುಸ್ದೆ ಮೇಸ್ತ್ರಿ," ಎಂದ ಮಾದಸ್ವಾಮಿ ನೆಲ ನೋಡುತ್ತಾ.

"ಕೊಳ್ಳೇಗಾಲದಲ್ಲಿ ಯಾರು?"

"ಒಬ್ರು."

"ಆ ಒಬ್ರಿಗೆ ಎಸ್ರಿಲ್ವಾ?"

"ಅದೆ."

"ಯೋಳು ಮತ್ತೆ."

"ಮರ್ತೋಯ್ತು ಮೇಸ್ತ್ರಿ."

ಪುಟ್ಟಸಿದ್ದಯ್ಯನಿಗೆ ಕೋಪಕ್ಕಿಂತ ಕುತೂಹಲ ದೊಡ್ಡದಾಯಿತು. ಈ ರಸ್ತೆಯ ಪ್ರತಿ ಕೈಯೂ ಅವನಿಗೆ ಗೊತ್ತು. ಕೊಳ್ಳೇಗಾಲದವನು ನಟ್ಟಿಗೆ ಸುತ್ತಿಗೆಯಲ್ಲಿ ಹೊಡೆಯುತ್ತಾನೆ, ಪೆಟ್ಟಿನ ಗುರುತು ಉಳಿಯುತ್ತದೆ. ಹನೂರಿನವನು ಹಳೆಯ ಪಿನ್ನನ್ನೇ ಮತ್ತೆ ಹಾಕುತ್ತಾನೆ. ಕೌದಳ್ಳಿಯವನಿಗೆ ಗ್ರೀಸು ಕಡಿಮೆ ಹಾಕಿದರೆ ಗಿರಾಕಿಗೆ ಅವಮಾನವೆಂಬ ಭಾವನೆ. ಹಬ್ಬದ ಎಲೆಗೆ ತುಪ್ಪ ಬಡಿಸಿದಂತೆ ತುಂಬುತ್ತಾನೆ. ಅದು ಕಾದು ಕರಗಿ ಬ್ರೇಕಿಗೆ ಇಳಿಯುತ್ತದೆ. ಇಲ್ಲಿ ಇವು ಯಾವುದೂ ಇಲ್ಲ. ಒಂದೊಂದು ರೋಲರಿನ ಸಂದಿಗೂ ಗ್ರೀಸು ಹೊಕ್ಕಿದೆ, ಡಬರಿಯಲ್ಲಿ ಉಸಿರಾಡಲು ಜಾಗ ಬಿಟ್ಟಿದೆ. ತನಗಿಂತ ಚೆನ್ನಾಗಿ ಮಾಡುವವನು ಕೊಳ್ಳೇಗಾಲದಲ್ಲಿ ಹುಟ್ಟಿಕೊಂಡನೇ? ಹುಟ್ಟಿಕೊಂಡು ತನಗೆ ತಿಳಿಸದೇ ಇದ್ದಾನೆಯೇ?

"ಏನ್ರೀ ಸಿಕ್ತು?" ದೊಡ್ಡಮಾದಪ್ಪ ದೂರದಿಂದಲೇ ಗದರಿದ. "ಚಿನ್ನವಾ?"

"ವಸಿ ಇರಿ," ಎನ್ನುತ್ತಾ ಪುಟ್ಟಸಿದ್ದಯ್ಯ ಬೇರಿಂಗು ಕೂರಿಸಿ, ನಟ್ಟು ಹೂಡಿ, ಹೊಸ ಪಿನ್ನು ಹಾಕಿ, ಮುಚ್ಚಳಕ್ಕೆ ಕೈ ಚಾಚಿದ. ಕೈ ಅಲ್ಲೇ ನಿಂತಿತು.

ಮುಚ್ಚಳದ ಒಳಗೆ, ನಡುಮಧ್ಯೆ, ಗ್ರೀಸಿನ ಒಂದು ಬೊಟ್ಟು ಇತ್ತು.

ಹಬ್ಬು ಮುಚ್ಚುವ ಮುನ್ನ ಉಂಗುರದ ಬೆರಳಿನಿಂದ ಮುಚ್ಚಳದೊಳಗೆ ಒಂದು ಬೊಟ್ಟಿಟ್ಟು, ತುಟಿಯಲ್ಲೇ ಮಾದಪ್ಪ ದೇವರನ್ನು ನೆನೆಯುವುದು ಪುಟ್ಟಸಿದ್ದಯ್ಯನ ರೂಢಿ. ಚಕ್ರವನ್ನು ಇನ್ನು ಬೆಟ್ಟದ ಸ್ವಾಮಿಗೆ ಒಪ್ಪಿಸಿದೆ ಎಂದು ಅದರ ಅರ್ಥ. ನಗುತ್ತಾರೆಂದು ಯಾರಿಗೂ ಹೇಳಿದವನಲ್ಲ, ಯಾರ ಎದುರಿಗೂ ಮಾಡಿದವನಲ್ಲ. ಒಬ್ಬರನ್ನು ಬಿಟ್ಟು. ಒಂದು ಕಾಲದಲ್ಲಿ ಸ್ಕೂಲಿನಿಂದ ಬಂದು ಚೀಲ ಬಿಸಾಕಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೇರಿಂಗಿಗೆ ಗ್ರೀಸು ತುಂಬುವುದನ್ನು ಆಟವೆಂದು ಆಡುತ್ತಿದ್ದವಳ ಎದುರಿಗೆ ಮಾತ್ರ ಅವನಿಗೆ ನಾಚಿಕೆ ಇರಲಿಲ್ಲ. ಈ ಬೊಟ್ಟು ಅವನ ಬೆರಳಿಗಿಂತ ಸಣ್ಣ ಬೆರಳಿನದು.

ನಿಧಾನವಾಗಿ ತಲೆ ಎತ್ತಿ ಬಾಗಿಲ ಕಡೆ ನೋಡಿದ. ಕುಸುಮ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಮಾದಸ್ವಾಮಿ ಹುಣಸೆಮರದ ಎಲೆ ಎಣಿಸುತ್ತಿದ್ದ.

ಮೂರು ತಾಲ್ಲೂಕಿನ ಗುಟ್ಟು ಬಯಲು ಮಾಡಿದ ಪರಾಕ್ರಮಿ ಮೊಟ್ಟಮೊದಲ ಬಾರಿಗೆ ಮುಚ್ಚಳವನ್ನು ಬೇಗಬೇಗ ಮುಚ್ಚಿದ. ಗ್ರೀಸು ಕೆಟ್ಟದು ಎನ್ನೋಣವೆಂದರೆ ಮಗಳ ಕೈ. ಒಳ್ಳೆಯದು ಎನ್ನೋಣವೆಂದರೆ ಹುಡುಗನ ಪರೀಕ್ಷೆ ಎಲ್ಲಿ ಆಯಿತು? ಯಾರ ಕೈ ಎಂದು ಹೇಳಿಬಿಡೋಣವೆಂದರೆ ಈ ರಿವಾಜಿನ ರಾಜ, ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆಯೇ ಹೆಣ್ಣು ಗಂಡಿನ ಲಾರಿಯ ಕೆಳಗೆ ನುಸುಳಿ ಬಂದಿದ್ದಾಳೆಂದು ತಿಳಿದರೆ, ನಡೆದಾದರೂ ಕೌದಳ್ಳಿಗೆ ಹೋಗಿಬಿಡುತ್ತಾನೆ.

"ಸೋಪು ತಕಂಡು ಬತ್ತೀನಿ," ಎಂದು ಪುಟ್ಟಸಿದ್ದಯ್ಯ ಒಳಗೆ ನುಗ್ಗಿದ. ಸೋಮಮ್ಮ, ಇನ್ನೇನು ಸಂಬಂಧ ಮುರಿದು ಬಂದನೆಂದು ಸೆರಗು ಬಾಯಿಗೆ ಒತ್ತಿಕೊಂಡಳು. ಕುಸುಮ ಬೈಗುಳಕ್ಕೆ ತಯಾರಾಗಿ ನಿಂತಳು. ಎಂದಿನಿಂದ ಪರಿಚಯ, ಯಾಕೆ ಮುಚ್ಚಿಟ್ಟೆ, ಇಂಥ ಯಾವ ಪ್ರಶ್ನೆಯೂ ಬರಲಿಲ್ಲ. ಅಪ್ಪ ಅವಳ ಕಿವಿಯ ಹತ್ತಿರ ಬಗ್ಗಿ, ಗುಟ್ಟಿನ ದನಿಯಲ್ಲಿ ಕೇಳಿದ.

"ಅಳೇ ಗ್ರೀಸ್ ಎಂಗಿತ್ತು?"

ಕುಸುಮಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಸುಳ್ಳು ಹೇಳಿದರೆ ಅವಳು ಪುಟ್ಟಸಿದ್ದಯ್ಯನ ಮಗಳಲ್ಲ. "ಕರ್ರಗಿತ್ತು ಅಪ್ಪ. ಎಡ್ಡೂ ಕಡೆ ಬಿಗಿದ್ಬುಟ್ಟಿದ್ರು. ಸುಟ್ ವಾಸ್ನೆ."

"ಆಮೇಲೆ?"

"ಅವ್ರು ಅಂಗಡಿಗೆ ಆಯಿಲ್ ಸೀಲಿಗೆ ಬರೋರು. ವಾಸ್ನೆ ಬಂತು, ಯಾಕಿಂಗ್ ಮಾಡ್ಕೊಂಡಿದ್ದೀರಿ ಅಂದೆ. ಬಿಗಿಯಾಗಿದ್ರೆ ಒಳ್ಳೇದು ಅಲ್ವಾ ಅಂದ್ರು. ಬೋಯ್ದು, ಅಂಗಡಿ ಇಂದ್ಗಡೆ ನಿಲ್ಸಿ ಎಡಗಡೇದ ನಾನು ಮಾಡ್ತೋರುಸ್ದೆ. ಪಕ್ಕದಲ್ಲೇ ಕೂತ್ಕೊಂಡು ನೋಡುದ್ರು."

"ಬಲಗಡೇದು?"

"ಅವ್ರೇ ಮಾಡುದ್ರು. ನಾನು ಗಿರಾಕಿ ಬಂದ್ರು ಅಂತ ಒಳೀಕೋದೆ. ನೋಡ್ನಿಲ್ಲ."

ಪುಟ್ಟಸಿದ್ದಯ್ಯನ ಕಣ್ಣು ಹಬ್ಬದ ಹಣತೆಯಂತೆ ಹೊತ್ತಿಕೊಂಡಿತು. ಸೋಪನ್ನು ಅಲ್ಲೇ ಬಿಟ್ಟು ಹೊರಗೋಡಿದ. ನೋಡನೋಡುತ್ತಿದ್ದಂತೆ ಲಾರಿಯ ಎಡಗಾಲು ನೆಲಕ್ಕಿಳಿದು ಬಲಗಾಲು ಮೇಲೇರಿತು.

"ಇನ್ನೊಂದ್ ಗಂಡು ಬ್ಯಾರೆ ಅವ್ನಾ?" ಎಂದ ದೊಡ್ಡಮಾದಪ್ಪ. ಬೈಯುವವನಂತೆ ಅಂದರೂ ಈ ಸಲ ಪಂಚೆ ಮಡಚಿ ಕಟ್ಟಿಕೊಂಡು ಎರಡು ಹೆಜ್ಜೆ ಹತ್ತಿರ ಬಂದಿದ್ದ.

ಬಲಗಡೆಯ ಚಕ್ರ ಅಲ್ಲಾಡಿಸಿದರೆ ಟಕ್ ಟಕ್ ಎಂದಿತು. ಸಡಿಲ. ಮುಚ್ಚಳ ತೆಗೆದರೆ ಗ್ರೀಸು ತುಸು ಹೆಚ್ಚೇ. ಪಿನ್ನಿನ ಕಾಲುಗಳು ಎತ್ತಿನ ಕೊಂಬಿನಂತೆ ಒಂದೊಂದು ದಿಕ್ಕಿಗೆ. ಆದರೆ ಅದನ್ನೆಳೆದು ನಟ್ಟು ಬಿಚ್ಚಿ ನೋಡಿದರೆ ಬೇರಿಂಗಿನ ಸಂದಿಸಂದಿಗೂ ಹೊಸ ಗ್ರೀಸು ಹೊಕ್ಕಿತ್ತು, ಹಳೆಯದರ ಒಂದು ಎಳೆಯೂ ಉಳಿದಿರಲಿಲ್ಲ. ಗಂಟೆಗಟ್ಟಲೆ ಕೂತು ಡೀಸೆಲ್ಲಿನಲ್ಲಿ ತಿಕ್ಕಿ ತೊಳೆದ ಕೈ ಅದು. ಪುಟ್ಟಸಿದ್ದಯ್ಯ ಬೆರಳಲ್ಲಿ ತೆಗೆದು ಬಿಸಿಲಿಗೆ ಹಿಡಿದು ನೋಡಿದ. ಮೂಸಿದ. ಎಲ್ಲರೂ ಅವನ ಮೂಗನ್ನೇ ನೋಡುತ್ತಿದ್ದರು.

"ಯಾಕಪ್ಪ ಇಷ್ಟು ಸಡ್ಲ ಬುಟ್ಟಿದ್ದೀಯೆ?"

"ಬಿಗುದ್ರೆ ಬೋಯ್ತಾರೆ ಅಂತ ಬುಟ್ಟೆ ಮೇಸ್ತ್ರಿ," ಎಂದ ಮಾದಸ್ವಾಮಿ. ಯಾರು ಬೈಯುತ್ತಾರೆಂದು ಅವನೂ ಹೇಳಲಿಲ್ಲ, ಪುಟ್ಟಸಿದ್ದಯ್ಯನೂ ಕೇಳಲಿಲ್ಲ.

ಸೊಕ್ಕಿದವನು ಬಿಗಿಯುತ್ತಾನೆ, ಅಂಜಿದವನು ಸಡಿಲ ಬಿಡುತ್ತಾನೆ. ನಿನ್ನೆಯವರೆಗೆ ಬಿಗಿಯುತ್ತಿದ್ದವನು ಒಂದು ಮಾತಿಗೆ ಅಂಜುವುದನ್ನು ಕಲಿತಿದ್ದ. ಇಂಥ ಗ್ರೀಸನ್ನು ಪುಟ್ಟಸಿದ್ದಯ್ಯ ತನ್ನ ಜನ್ಮದಲ್ಲಿ ಓದಿರಲಿಲ್ಲ. ಬೇರಿಂಗನ್ನು ಮತ್ತೆ ಕೂರಿಸಿ ನಟ್ಟು ಹೂಡಿದ. ಆಮೇಲೆ ಯಾರ ಕೈಗೂ ಕೊಡದ ತನ್ನ ಸ್ಪಾನರನ್ನು ಬಟ್ಟೆಯಲ್ಲಿ ಒರೆಸಿ ಹುಡುಗನ ಮುಂದೆ ಹಿಡಿದ.

"ತಕೊ. ನಾನು ಚಕ್ರ ತಿರುಗುಸ್ತೀನಿ, ನೀನು ಬಿಗೀತಾ ಓಗು. ಅದೇ ಯೋಳ್ತದೆ."

ಮಾದಸ್ವಾಮಿ ಹೊಸ ಷರ್ಟಿನ ತೋಳು ಮಡಚಿದ. ಚಕ್ರ ತಿರುಗತೊಡಗಿತು. ಸ್ಪಾನರು ಒಂದಿಷ್ಟು, ಇನ್ನೊಂದಿಷ್ಟು ಸರಿಯಿತು. ಸರ್ರನೆ ಹೋಗುತ್ತಿದ್ದ ಸದ್ದು ಒಳಗೊಳಗೇ ದಪ್ಪವಾಯಿತು. ಪುಟ್ಟಸಿದ್ದಯ್ಯ ಬಾಯಿ ತೆರೆಯುವ ಮೊದಲೇ ಬಾಗಿಲ ಕಡೆಯಿಂದ ದನಿ ಬಂತು.

"ಸಾಕು! ವಸಿ ಇಂದಕ್ ಬುಡಿ!"

ಮಾದಸ್ವಾಮಿಯ ಕೈ ಆ ದನಿಗೆ ಪಳಗಿದ ಎತ್ತಿನಂತೆ ಅಲ್ಲೇ ನಿಂತು, ಹಿಂದಕ್ಕೆ ಸರಿಯಿತು.

ದೊಡ್ಡಮಾದಪ್ಪ ಕುಸುಮಳನ್ನು ನೋಡಿದ. ಸೋದರಳಿಯನನ್ನು ನೋಡಿದ. ಪಂಚಾಯಿತಿಗಳಲ್ಲಿ ಕೂತು ಕೂತು ಹಣ್ಣಾದ ತಲೆ, ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಸೋಮಮ್ಮ ಒಳಗೆ ಇದ್ದಬದ್ದ ದೇವರಿಗೆಲ್ಲ ಮುಡಿಪು ಕಟ್ಟುತ್ತಿದ್ದಳು. ಪುಟ್ಟಸಿದ್ದಯ್ಯ ಚಕ್ರದ ಮೇಲಿನ ಕೈ ತೆಗೆಯದೆ, ಮುಂದಿನ ಮಾತಿಗೆ ಕಾಯುತ್ತಿದ್ದ. ದೊಡ್ಡಮಾದಪ್ಪ ಒಮ್ಮೆ ರಸ್ತೆಯ ಕಡೆ ನೋಡಿದ. ಹನೂರಿನ ಬಸ್ಸೊಂದು ಹಾದು ಹೋಯಿತು. ಅವನು ಕೈ ಅಡ್ಡ ಹಿಡಿಯಲಿಲ್ಲ.

"ಅಲ್ಲ ಕಣವ್ವಾ," ಎಂದ ಕೊನೆಗೆ, "ಅಲ್ಲಿಂದ್ಲೇ ನಿಂಗೆ ಅದೆಂಗ್ ಗೊತ್ತಾಯ್ತು?"

"ಸದ್ದು ಬದಲಾಯ್ತದೆ ಮಾವ. ಕೈಗೂ ಗೊತ್ತಾಯ್ತದೆ, ತಿರುಗ್ಸಿ ನೋಡಿ."

"ತಗೀರೀ ಅತ್ಲಾಗೆ," ಎಂದು ದೊಡ್ಡಮಾದಪ್ಪ ಪುಟ್ಟಸಿದ್ದಯ್ಯನನ್ನು ಭುಜದಿಂದ ಸರಿಸಿ, ಇಸ್ತ್ರಿಯ ಪಂಚೆಯಲ್ಲೇ ಮಣ್ಣಿಗೆ ಕುಕ್ಕರಿಸಿ ಚಕ್ರಕ್ಕೆ ಕೈ ಹಾಕಿದ. "ಲೋ ಮಾದಸ್ವಾಮಿ, ಬಿಗಿಯೋ. ಊಂ. ಇನ್ನೂ. ಅಗೋ! ಅಗೋ, ಬಂತು ಕಣ್ರೀ, ಗುರ್ ಅಂತು! ಈಗ ಬುಡು. ಓಹೋಹೋ!" ಮತ್ತೆ ಬಿಗಿಸಿದ, ಮತ್ತೆ ಬಿಡಿಸಿದ. ಚಿಕ್ಕಂದಿನಲ್ಲಿ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದುದನ್ನು ಹೇಳತೊಡಗಿದ, ಅರ್ಧಕ್ಕೆ ಬಿಟ್ಟ, ಹಬ್ಬಿನೊಳಕ್ಕೆ ಬೆರಳು ತೂರಿಸಿ ಇದೇನು, ಅದೇನು ಎಂದು ಕುಸುಮಳನ್ನೇ ಕೇಳತೊಡಗಿದ. ಅವಳು ಸೆರಗು ಸಿಕ್ಕಿಸಿಕೊಂಡು ಬಂದು ಪಕ್ಕದಲ್ಲಿ ಕೂತು ಹೇಳಿದಳು.

ಹೊತ್ತೇರಿತು. ರಾಹುಕಾಲ ಹತ್ತಿರವಾಯಿತೆಂದು ಸೋಮಮ್ಮ ಕೂಗಿದ ಮೇಲೆ ದೊಡ್ಡಮಾದಪ್ಪನಿಗೆ ಬಂದ ಕೆಲಸ ನೆನಪಾಯಿತು.

"ಎಲೆಯಡಕೆ ಇಲ್ಲೀಗೇ ತನ್ನಿ," ಎಂದ, ಏಳದೆಯೇ.

ಸೋಮಮ್ಮ ತಟ್ಟೆ ತಂದಳು. ಬೀಗರಿಬ್ಬರೂ ಲಾರಿಯ ಬಲಗಾಲ ಬಳಿ ಕೂತು ತಾಂಬೂಲ ಬದಲಾಯಿಸಿಕೊಂಡರು. ವೀಳ್ಯದೆಲೆಯ ಮೇಲೆ ದೊಡ್ಡಮಾದಪ್ಪನ ಹೆಬ್ಬೆಟ್ಟಿನ ಗುರುತು, ರೇಖೆ ರೇಖೆಯೂ ಎದ್ದು ಕಾಣುವಂತೆ, ಜೇನಿನ ಬಣ್ಣದಲ್ಲಿ ಮೂಡಿತ್ತು.

"ಅಯ್ಯಯ್ಯೋ, ಬ್ಯಾರೆ ಎಲೆ ತತ್ತೀನಿ!" ಎಂದು ಸೋಮಮ್ಮ ಒಳಗೆ ಓಡಿದಳು. ಅವಳು ಬರುವಷ್ಟರಲ್ಲಿ ಪುಟ್ಟಸಿದ್ದಯ್ಯ ಆ ಎಲೆಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮೂಸಿ ನೋಡುತ್ತಿದ್ದ.